ದಾರಿಯಲ್ಲಿ ನಿಲ್ಲುವ ಜೀಪು: ಪೆಟ್ರೋಲು ಎಲ್ಲಿ ತಡೆಯಿತು?

ಈ ಸಂಚಿಕೆಗೆ ಅಡಿಕೆಯ ಕೊಳೆರೋಗ ಮತ್ತು ಬೋರ್ಡೋ ದ್ರಾವಣದ ಬಗ್ಗೆ ಬರೆಯುವುದೆಂದು ಗೊತ್ತುಮಾಡಿಕೊಂಡಿದ್ದೆ. ಆದರೆ ಕಳೆದ ಎರಡು ತಿಂಗಳಲ್ಲಿ ಸಂಘದ ಕಛೇರಿಗೆ ಬಂದ ಸದಸ್ಯರಲ್ಲಿ ಐದಾರು ಮಂದಿ, ಗೊಬ್ಬರದ ಲೆಕ್ಕ ಮುಗಿಸಿ ಎದ್ದು ಹೋಗುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಜೀಪು ಸರಿಹೋಯಿತಂತಲ್ಲ, ಏನಾಗಿತ್ತು?" ಕೇಳಿದವರ ಜೀಪುಗಳೂ ಹೆಚ್ಚುಕಡಿಮೆ ಅದೇ ಕಾಯಿಲೆಯಲ್ಲಿವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಬೋರ್ಡೋ ದ್ರಾವಣ ಮಳೆಗಾಲಕ್ಕೆ ಮುಂಚಿನ ಸಂಚಿಕೆಯಲ್ಲಿ ಬರುತ್ತದೆ.

ನಾನು ಮೆಕ್ಯಾನಿಕ್ಕಲ್ಲ. ಬಿ.ಎಸ್ಸಿ. ಓದಿದವನು, ಅದೂ ಸಸ್ಯಶಾಸ್ತ್ರ. ಬಾಗೂರಿನಲ್ಲಿ ಅಡಿಕೆ-ತೆಂಗಿನ ತೋಟ, ಹೆತ್ತೂರು ಕಡೆ 6 ಎಕರೆ ರೊಬಸ್ಟಾ. ಈ ಎರಡರ ನಡುವೆ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಓಡಾಡುವುದು ನಮ್ಮ ತಂದೆಯವರು 1984ರಲ್ಲಿ ಎರಡನೆಯ ಕೈಯಿಂದ ಕೊಂಡ ಮಹೀಂದ್ರ ಸಿ.ಜೆ. 3 ಬಿ ಪೆಟ್ರೋಲು ಜೀಪಿನಲ್ಲಿ. ಅಮೆರಿಕದ ವಿಲ್ಲಿಸ್ ಕಂಪನಿಯ ನಕ್ಷೆಯ ಗಾಡಿ ಇದು. 134 ಘನ ಅಂಗುಲದ, ಅಂದರೆ ಸುಮಾರು 2.2 ಲೀಟರಿನ ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನು. ಸೀಟಿನ ಕೆಳಗೆ ಟಾಂಕಿ, ಎಂಜಿನ್ನಿನ ಪಕ್ಕಕ್ಕೆ ಕ್ಯಾಮ್ ಶಾಫ್ಟಿನಿಂದ ನಡೆಯುವ ಡಯಾಫ್ರಮ್ ಪಂಪು, ಮೇಲೆ ಸೋಲೆಕ್ಸ್ ಕಾರ್ಬುರೇಟರು. ಪೆಟ್ರೋಲಿನ ದಾರಿ ಇಷ್ಟೇ. ಇದರಲ್ಲಿ ಕಂಪ್ಯೂಟರಿಲ್ಲ, ಸೆನ್ಸಾರಿಲ್ಲ. ಆದ್ದರಿಂದ ಕಣ್ಣು, ಕಿವಿ, ಒಂದು ಸ್ಪ್ಯಾನರು ಇದ್ದವನು ಕೆಡುಕನ್ನು ಕಂಡುಹಿಡಿಯಬಹುದು. ಹೀಗೆ ಗೊತ್ತಿದ್ದೂ ನಾನು ಮೂರು ವಾರ ಪರದಾಡಿದೆ.

ಕಾಯಿಲೆ ಹೀಗಿತ್ತು. ತಗ್ಗಿನಲ್ಲಿ, ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಬಾಳ್ಳುಪೇಟೆ ದಾಟಿ, ಸಕಲೇಶಪುರದಿಂದ ಹೆತ್ತೂರಿನ ಏರು ಹಿಡಿದು ಸ್ವಲ್ಪ ಹೊತ್ತಾದ ಮೇಲೆ ಮುಗ್ಗರಿಸುತ್ತದೆ, ಎರಡು ಸಲ ಕೆಮ್ಮುತ್ತದೆ, ನಿಲ್ಲುತ್ತದೆ. ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಜನವರಿ ತಿಂಗಳು, ರೊಬಸ್ಟಾ ಕೊಯ್ಲು. ಹಣ್ಣು ಕೊಯ್ಯುವವರನ್ನು ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಮುಟ್ಟಿಸಬೇಕಾದವನು ಹತ್ತಕ್ಕೆ ಮುಟ್ಟಿಸಿದರೆ ಆ ದಿನದ ಕೂಲಿ ಪೂರಾ ಕೊಟ್ಟೂ ಕಾಲು ಭಾಗ ಕೆಲಸ ಹೋಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಒಂದು ರಾತ್ರಿ ಲೈನಿನಲ್ಲಿದ್ದ ಮಗುವೊಂದಕ್ಕೆ ಜ್ವರ ಏರಿ, ಸಕಲೇಶಪುರಕ್ಕೆ ಕರೆದೊಯ್ಯುವಾಗ ನಡುದಾರಿಯ ಏರಿನಲ್ಲಿ ಜೀಪು ನಿಂತಿತು. ಬೆಳಗಿನ ಜಾವ ಬಂದ ಹಾಲಿನ ವ್ಯಾನಿನವರು ತಾಯಿ-ಮಗುವನ್ನು ಹತ್ತಿಸಿಕೊಂಡರು. ಮಗು ಚೆನ್ನಾಗಿದೆ. ಆದರೆ ಆ ರಸ್ತೆಯ ಬದಿಯಲ್ಲಿ ಕಳೆದ ಮುಕ್ಕಾಲು ಗಂಟೆಯ ಸಮಯ ನನಗೆ ಇನ್ನೂ ಮರೆತಿಲ್ಲ.

ಅಷ್ಟರೊಳಗೆ ಗ್ಯಾರೇಜಿನಲ್ಲಿ ಖರ್ಚಾದದ್ದು 11,400 ರೂಪಾಯಿ. ಮೊದಲು ಕಾರ್ಬುರೇಟರಿನ ಕಿಟ್ಟು. ಆಮೇಲೆ ಕಾಯಿಲು, ಕಂಡೆನ್ಸರು, ಪಾಯಿಂಟು. ಆಮೇಲೆ ಪಂಪು. ಪ್ರತಿ ಸಲವೂ ಊರೊಳಗೆ ಎರಡು ಸುತ್ತು ಓಡಿಸಿ "ಈಗ ನೋಡಿ" ಎಂದು ಕೊಡುತ್ತಿದ್ದರು. ಊರೊಳಗೆ ಅದು ಎಂದೂ ನಿಂತೇ ಇರಲಿಲ್ಲವಲ್ಲ! ಗ್ಯಾರೇಜಿನವರನ್ನು ನಾನು ದೂರುವುದಿಲ್ಲ. ಕೆಡುಕು ಇಲ್ಲದ ಹೊತ್ತಿನಲ್ಲಿ ಗಾಡಿಯನ್ನು ಅವರ ಮುಂದೆ ನಿಲ್ಲಿಸಿದ್ದು ನನ್ನದೇ ತಪ್ಪು. ಜ್ವರ ಇರುವಾಗಲೇ ವೈದ್ಯರಿಗೆ ತೋರಿಸಬೇಕು, ಇಳಿದ ಮೇಲಲ್ಲ. ನಿಂತ ಗಾಡಿಯನ್ನು ನಿಂತ ಜಾಗದಲ್ಲೇ, ಮೊದಲ ಎರಡು ನಿಮಿಷದೊಳಗೆ ಪರೀಕ್ಷಿಸತಕ್ಕದ್ದು. ಬೀಡಿ ಹಚ್ಚಿ ಕುಳಿತು ಕಾದರೆ ಸಾಕ್ಷ್ಯ ಅಳಿಸಿಹೋಗುತ್ತದೆ.

ನಿಂತ ಕೂಡಲೇ ಮಾಡಬೇಕಾದ್ದು

ಹೇಗೆ ನಿಂತಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ದೀಪದ ಸ್ವಿಚ್ಚು ಆರಿಸಿದಂತೆ ಥಟ್ಟನೆ ನಿಂತರೆ ಬಹುತೇಕ ವಿದ್ಯುತ್ತಿನ ದೋಷ. ಕಾಯಿಲು, ಪಾಯಿಂಟು, ತಂತಿ ನೋಡಬೇಕು. ಉಸಿರು ಕಟ್ಟಿದವರಂತೆ ಮುಗ್ಗರಿಸಿ, ಶಕ್ತಿ ಕುಗ್ಗಿ ನಿಂತರೆ ಪೆಟ್ರೋಲಿನ ದೋಷ. ಮುಗ್ಗರಿಸುವಾಗ ಚೋಕನ್ನು ಅರ್ಧ ಎಳೆದು ನೋಡಿ. ಗಾಡಿ ಚೇತರಿಸಿಕೊಂಡರೆ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಹೆಚ್ಚು ಗಾಳಿ ಸೇರುತ್ತಿದೆ. ಚೋಕು ಎಳೆದಾಗ ಇನ್ನಷ್ಟು ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ. ಫ್ಲೋಟು, ನೀಡಲ್ ವಾಲ್ವಿನ ಕಡೆ ಗಮನ ಹರಿಸಬೇಕು.

ಆಮೇಲೆ ಇಗ್ನಿಷನ್ ಆಫ್ ಮಾಡಿ, ಏರ್ ಕ್ಲೀನರಿನ ಕೊಳವೆ ಬಿಚ್ಚಿ, ಕಾರ್ಬುರೇಟರಿನ ಬಾಯೊಳಗೆ ಟಾರ್ಚು ಬಿಟ್ಟು ನೋಡುತ್ತ ಆಕ್ಸಿಲರೇಟರಿನ ಕಡ್ಡಿಯನ್ನು ಕೈಯಿಂದ ಎಳೆಯಿರಿ. (ಬೆಂಕಿಕಡ್ಡಿ ಗೀರಿ ನೋಡಿದವರೊಬ್ಬರು ನನಗೆ ಗೊತ್ತು. ಹುಬ್ಬು ಮತ್ತೆ ಬಂದಿದೆ.) ಎಳೆದಾಗ ಒಳಗೆ ಪೆಟ್ರೋಲು ಸಣ್ಣ ಚಿಲುಮೆಯಂತೆ ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲಿದೆ. ಆಗ ಪೆಟ್ರೋಲನ್ನು ಅನುಮಾನಿಸದೆ ಕಿಡಿಯನ್ನು ನೋಡಿ, ಇಲ್ಲವೇ ಮುಖ್ಯ ಜೆಟ್ಟಿನಲ್ಲಿ ಕಸ ಕೂತಿದೆಯೇ ನೋಡಿ. ಏನೂ ಚಿಮ್ಮದಿದ್ದರೆ ಚೇಂಬರು ಒಣಗಿದೆ. ದೋಷ ಅಲ್ಲಿಂದ ಹಿಂದಕ್ಕೆ, ಟಾಂಕಿಯ ಕಡೆಗೆ ಇದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಿದ್ದರೆ ಕಾಯಿಲು, ಕಂಡೆನ್ಸರಿನ ಹಣ ಉಳಿಯುತ್ತಿತ್ತು. ಮಾಡಿದ್ದು ನಾಲ್ಕನೆಯ ವಾರದಲ್ಲಿ. ಒಣಗಿತ್ತು.

ಟಾಂಕಿಯಿಂದ ಪಂಪಿನವರೆಗೆ

ಈಗ ಟಾಂಕಿಯ ಮುಚ್ಚಳ ತೆಗೆಯಿರಿ. ಪೆಟ್ರೋಲು ಖಾಲಿಯಾದಷ್ಟೂ ಟಾಂಕಿಯೊಳಗೆ ಗಾಳಿ ಹೋಗಬೇಕು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಒಳಗೆ ನಿರ್ವಾತ ಹುಟ್ಟಿ, ಸ್ವಲ್ಪ ಹೊತ್ತು ಓಡಿದ ಮೇಲೆ ಪಂಪಿಗೆ ಎಳೆಯಲಾಗುವುದಿಲ್ಲ. ತೆಗೆದಾಗ 'ಸುಸ್' ಎಂದು ಗಾಳಿ ಒಳನುಗ್ಗಿ, ಕೂಡಲೇ ಗಾಡಿ ಸ್ಟಾರ್ಟಾದರೆ ಕಳ್ಳ ಸಿಕ್ಕಿದ. ನಮ್ಮ ಕಡೆ ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿಗೆ ಇದು ಸಾಮಾನ್ಯ. ಕಣಜದ ಹುಳು ಆ ತೂತಿಗೆ ಮಣ್ಣು ಮೆತ್ತಿಬಿಡುತ್ತದೆ. ಇನ್ನು ಕೆಲವರು ಕಳೆದುಹೋದ ಮುಚ್ಚಳಕ್ಕೆ ಬದಲು ಯಾವುದೋ ಗಾಡಿಯ ರಂಧ್ರವಿಲ್ಲದ ಮುಚ್ಚಳ ಹಾಕಿಕೊಂಡು, ಪಂಪನ್ನು ಬೈಯುತ್ತಾರೆ. ನನ್ನದರಲ್ಲಿ ಸುಸ್ ಎನ್ನಲಿಲ್ಲ. ಮುಚ್ಚಳ ನಿರಪರಾಧಿ.

ಉಳಿದದ್ದು ಪಂಪು ಮತ್ತು ಅದರ ಹಿಂದಿನ ಕೊಳವೆ. ಗ್ಯಾರೇಜಿನಲ್ಲಿ ಇದಕ್ಕೆ ಮುಂಚೆ ಹೇಳಿದ್ದ ಮಾತು 'ವೇಪರ್ ಲಾಕು', ಅಂದರೆ ಬಿಸಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಹರಿವು ತಡೆಯುವುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೀರು ಸುರಿದು ನೋಡಲು ಹೇಳಿದ್ದರು. ಸುರಿದೆ, ಹದಿನೈದು ನಿಮಿಷದಲ್ಲಿ ಗಾಡಿ ಹೊರಟಿತು. ನಂಬಿಬಿಟ್ಟೆ. ಆದರೆ ನೀರು ಸುರಿಯದಿದ್ದ ದಿನಗಳಲ್ಲೂ ಅದು ಹದಿನೈದು ನಿಮಿಷಕ್ಕೇ ಹೊರಡುತ್ತಿತ್ತಲ್ಲ! ಜನವರಿಯ ಮಧ್ಯರಾತ್ರಿ, ಹೆತ್ತೂರಿನ ಚಳಿಯಲ್ಲಿ ನಿಂತದ್ದು ನೆನಪಾದ ಮೇಲೆ ವೇಪರ್ ಲಾಕಿನ ಮಾತು ನನಗೆ ಸರಿಬರಲಿಲ್ಲ. ಎರಡನೆಯ ಪ್ರಯೋಗವಿಲ್ಲದೆ ಮೊದಲ ಪ್ರಯೋಗದಿಂದ ತೀರ್ಮಾನಕ್ಕೆ ಬರಕೂಡದೆಂದು ಕಾಲೇಜಿನಲ್ಲಿ ಕಲಿಸಿದ್ದನ್ನು ಜೀಪಿನ ವಿಷಯದಲ್ಲಿ ಮರೆತಿದ್ದೆ.

ಪಂಪನ್ನು ಪರೀಕ್ಷಿಸುವ ಕ್ರಮ ಇದು. ಕಾಯಿಲಿನ ನಡುತಂತಿ ಬಿಚ್ಚಿ, ಕಿಡಿ ಹಾರದಂತೆ ಲೋಹಕ್ಕೆ ತಾಗಿಸಿ ಕಟ್ಟಿಡಿ. ಕಾರ್ಬುರೇಟರಿಗೆ ಬರುವ ಕೊಳವೆಯನ್ನು ಬಿಚ್ಚಿ ಒಂದು ಬಾಟಲಿಗೆ ಇಳಿಬಿಡಿ. ಒಬ್ಬರು ಸ್ಟಾರ್ಟರು ತಿರುಗಿಸಲಿ. ಎಂಜಿನ್ನಿನ ಪ್ರತಿ ಎರಡು ಸುತ್ತಿಗೆ ಒಮ್ಮೆ, ಹಾಲು ಕರೆದಂತೆ ದಪ್ಪವಾಗಿ ಪೆಟ್ರೋಲು ಚಿಮ್ಮಬೇಕು. ಬಾಟಲಿಗೆ ಗುಳ್ಳೆ ಬಂದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲೊಂದು ಸೂಕ್ಷ್ಮವಿದೆ. ಪಂಪಿನ ಮುಂದಿನ ಕೊಳವೆ ಸೀಳಿದರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಪಂಪಿನ ಹಿಂದಿನದು, ಅಥವಾ ಗಾಜಿನ ಬಟ್ಟಲಿನ ಕಾರ್ಕ್ ವಾಷರು ಸೀಳಿದರೆ ಅಲ್ಲಿ ಇರುವುದು ಎಳೆತ. ಒಂದು ಹನಿಯೂ ಹೊರಬರದೆ ಗಾಳಿ ಒಳಕ್ಕೆ ಹೋಗಬಹುದು. 'ಎಲ್ಲೂ ಸೋರುತ್ತಿಲ್ಲ' ಎಂಬ ಮಾತಿಗೆ ಆದ್ದರಿಂದ ಅರ್ಥವಿಲ್ಲ.

ನನ್ನ ಬಾಟಲಿಗೆ ಬಂದದ್ದು ಎರಡು ತೊಟ್ಟು, ಅಷ್ಟೇ. ಪಂಪು ಹೊಸದು. ಹಾಗಾದರೆ ಪಂಪೇ ಕೆಟ್ಟದ್ದು ಕೊಟ್ಟರೋ? ಟಾಂಕಿಯ ಕಡೆಯಿಂದ ಪಂಪಿಗೆ ಬರುವ ಟ್ಯೂಬನ್ನು ಬಿಚ್ಚಿ, ಬೇರೆ ಚೊಕ್ಕ ಟ್ಯೂಬನ್ನು ಪಂಪಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿಟ್ಟ ಪೆಟ್ರೋಲು ಬಾಟಲಿಗೆ ಬಿಟ್ಟು ತಿರುಗಿಸಿದೆವು. ಹತ್ತು ಸುತ್ತಿಗೆ ದಪ್ಪನೆಯ ಚಿಮ್ಮು. ಪಂಪೂ ನಿರಪರಾಧಿ. ಈ ಬಾಟಲಿಯ ಉಪಾಯವನ್ನು ಪರೀಕ್ಷೆಗೆ ಮಾತ್ರ, ಎಂಜಿನ್ನು ಆರಿಸಿ, ಬಿಸಿ ಮ್ಯಾನಿಫೋಲ್ಡಿನಿಂದ ದೂರವಿಟ್ಟು, ಪಕ್ಕದಲ್ಲಿ ಒಂದು ಬುಟ್ಟಿ ಮರಳು ಇಟ್ಟುಕೊಂಡು ಮಾಡಿ. ಬಾನೆಟ್ಟಿಗೆ ಪೆಟ್ರೋಲು ಡಬ್ಬ ಕಟ್ಟಿಕೊಂಡು ಊರು ಸೇರುವ ಸಾಹಸ ಕೂಡದು. ಬಾಯಿಂದ ಟ್ಯೂಬು ಚೀಪುವುದಂತೂ ಕೂಡಲೇ ಕೂಡದು. ಒಂದು ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಈಗ ಉಳಿದದ್ದು ಟಾಂಕಿಯಿಂದ ಪಂಪಿನವರೆಗಿನ ದಾರಿ ಮಾತ್ರ. ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ಹಿಂದಕ್ಕೆ ಊದಿದೆ. ಟಾಂಕಿಯಲ್ಲಿ ಗುಳುಗುಳು ಸದ್ದು ಸ್ಪಷ್ಟವಾಗಿ ಕೇಳಿಸಿತು. ದಾರಿ ಬಿಡುಬೀಸಾಗಿದೆ! ಎಲ್ಲ ಭಾಗವೂ ಸರಿಯಿದೆ, ಗಾಡಿ ಮಾತ್ರ ಓಡುವುದಿಲ್ಲ. ಒಂದು ದಿನ ಪೂರ್ತಿ ಇದೇ ಒಗಟಿನಲ್ಲಿ ಕಳೆದೆ.

ಮರುದಿನ ಬೇಸರದಿಂದ, ಫ್ರೇಮಿನ ಲೋಹದ ಕೊಳವೆಗೂ ಪಂಪಿಗೂ ನಡುವೆ ಇರುವ ಒಂದೂವರೆ ಅಡಿ ರಬ್ಬರ್ ಟ್ಯೂಬನ್ನು ಬಿಚ್ಚಿ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಹಾಕಿಸಿ ಮೂರು ವರ್ಷವಾಗಿತ್ತಷ್ಟೆ. ಒಳಗಿನ ಪದರ ಮಾತ್ರ ನೆನೆದ ರೊಟ್ಟಿಯಂತೆ ಊದಿ, ಒಂದು ಕಡೆ ಕಿತ್ತು ನಾಲಗೆಯಂತೆ ಜೋತಾಡುತ್ತಿತ್ತು. ಪಂಪು ಎಳೆದಾಗ ಆ ನಾಲಗೆ ಬಂದು ದಾರಿ ಮುಚ್ಚುತ್ತದೆ. ಹಿಂದಕ್ಕೆ ಊದಿದಾಗ ಬದಿಗೆ ಸರಿದು ದಾರಿ ಬಿಡುತ್ತದೆ. ಏರಿನಲ್ಲಿ ಎಂಜಿನ್ನು ಹೆಚ್ಚು ಕುಡಿಯುವಾಗ ಎಳೆತ ಜೋರಾಗಿ ಮುಚ್ಚಿಕೊಳ್ಳುವುದು, ಹದಿನೈದು ನಿಮಿಷದಲ್ಲಿ ಸಡಿಲವಾಗಿ ತೆರೆಯುವುದು, ಊರೊಳಗೆ ಏನೂ ಆಗದಿರುವುದು, ಎಲ್ಲಕ್ಕೂ ಆಗ ಉತ್ತರ ಸಿಕ್ಕಿತು. ಹೊಸ ಟ್ಯೂಬು, ಎರಡು ಕ್ಲಿಪ್ಪು ಸೇರಿ 400 ರೂಪಾಯಿಯೊಳಗೆ ಮುಗಿಯಿತು.

ಹಳೆಯ ರಬ್ಬರು, ಹೊಸ ಪೆಟ್ರೋಲು

ಮೂರೇ ವರ್ಷದಲ್ಲಿ ಟ್ಯೂಬು ಹೀಗಾಗಲು ಕಾರಣವೇನು? ಕಳಪೆ ಮಾಲು ಎಂಬುದು ಒಂದು. ಇನ್ನೊಂದು ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್. ದೇಶದಲ್ಲಿ ಶೇಕಡ 10ರ ಬೆರಕೆಯ ಗುರಿ 2022ರಲ್ಲಿ ಮುಟ್ಟಿತು. ಶೇಕಡ 20ರ ಇ20 ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲೇ ಅದಾಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದರಿಂದ ಅನುಕೂಲ. ಮೆಕ್ಕೆಜೋಳ ಬೆಳೆಯುವವರು ನಮ್ಮ ಜಿಲ್ಲೆಯಲ್ಲೂ ಬೇಕಾದಷ್ಟಿದ್ದಾರೆ. ಆದರೆ ನಮ್ಮ ಜೀಪಿನ ರಬ್ಬರು, ಡಯಾಫ್ರಮ್ಮು, ಕಾರ್ಕು ಇವನ್ನು ತಯಾರಿಸಿದ ಕಾಲದಲ್ಲಿ ಈ ಬೆರಕೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲಿಗೆ ಕೆಲವು ಬಗೆಯ ರಬ್ಬರು ಊದುತ್ತದೆ, ಮೆತ್ತಗಾಗುತ್ತದೆ. ಟಾಂಕಿಯ ತಳದಲ್ಲಿ ವರ್ಷಗಟ್ಟಲೆ ಹೆಪ್ಪುಗಟ್ಟಿದ ಅಂಟನ್ನೂ ಅದು ಕರಗಿಸಿ ಎಬ್ಬಿಸಿ ಜೆಟ್ಟಿಗೆ ತರುತ್ತದೆ. ಬೆರಕೆ ಪೆಟ್ರೋಲಿಗೆ ಬದಲಾದ ಮೊದಲ ತಿಂಗಳುಗಳಲ್ಲಿ ಫಿಲ್ಟರು ಪದೇ ಪದೇ ಕಟ್ಟಿದರೆ ಆಶ್ಚರ್ಯಪಡಬೇಕಾಗಿಲ್ಲ.

ಟ್ಯೂಬು ಕೊಳ್ಳುವಾಗ ಅದರ ಮೈಮೇಲೆ '30 ಆರ್ 9' ಎಂಬ ಅಚ್ಚು ಇದೆಯೇ ನೋಡಿ. ವೈಟಾನ್ ಜಾತಿಯ ಒಳಪದರವಿರುವ ಟ್ಯೂಬು ಅದು, ಎಥನಾಲನ್ನು ತಡೆಯುತ್ತದೆ. ಬೆಲೆ ಜಾಸ್ತಿ. ಆದರೆ ಜೀಪಿಗೆ ಬೇಕಾದ್ದು ಮೊಳದುದ್ದ. ಪಂಪಿನ ಕಿಟ್ಟು ಕೊಳ್ಳುವಾಗಲೂ ಎಥನಾಲಿಗೆ ತಾಳುವ ಡಯಾಫ್ರಮ್ಮೇ ಬೇಕೆಂದು ಕೇಳಿ ಪಡೆಯಿರಿ. ಡಯಾಫ್ರಮ್ಮು ಸೀಳಿದರೆ ಪೆಟ್ರೋಲು ಎಂಜಿನ್ನಿನ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ತಾನಾಗಿ ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಆ ಗಾಡಿಯನ್ನು ಒಂದು ಫರ್ಲಾಂಗು ಕೂಡ ಓಡಿಸಬೇಡಿ, ಬೇರಿಂಗುಗಳು ಹಾಳಾಗುತ್ತವೆ.

ನೀರಿನ ವಿಚಾರವೂ ಇದೆ. ಮಳೆಗಾಲದಲ್ಲಿ ಅರ್ಧ ಟಾಂಕಿಯಿಟ್ಟು ನಾಲ್ಕು ತಿಂಗಳು ನಿಲ್ಲಿಸಿದ ಗಾಡಿಯಲ್ಲಿ ತೇವ ಸೇರುತ್ತದೆ. ಎಥನಾಲು ಸ್ವಲ್ಪ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಶೇಕಡ 10ರ ಬೆರಕೆಯಾದರೆ ಲೀಟರಿಗೆ ಸುಮಾರು 5 ಮಿಲಿಲೀಟರು, ಅಂದರೆ ಒಂದು ಚಮಚದಷ್ಟು. ಇ20 ಇನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ಟಾಂಕಿಯ ತಳದಿಂದ ಒಂದು ಗಾಜಿನ ಬಾಟಲಿ ತುಂಬ ತೆಗೆದು ಒಂದು ಗಂಟೆ ಅಲುಗಿಸದೆ ಇಟ್ಟರೆ ಗೆರೆ ಎಳೆದಂತೆ ಎರಡು ಪದರ ಕಾಣುತ್ತದೆ. ಆದ್ದರಿಂದ ಜೂನಿಗೆ ಮುಂಚೆ ಟಾಂಕಿ ತುಂಬಿಸಿಡಿ ಅಥವಾ ಪೂರಾ ಖಾಲಿ ಮಾಡಿ, ಕಾರ್ಬುರೇಟರಿನದನ್ನೂ ಓಡಿಸಿ ಮುಗಿಸಿಡಿ. ಪೊದೆ ಕತ್ತರಿಸುವ ಯಂತ್ರ, ಪವರ್ ಸ್ಪ್ರೇಯರುಗಳಿಗೂ ಇದೇ ಮಾತು. ಅವುಗಳ ಕಾರ್ಬುರೇಟರಿನ ತೂತು ಇನ್ನೂ ಸಣ್ಣದು.

ಇ20ರಲ್ಲಿ ಗಾಡಿ ಸ್ವಲ್ಪ ಸೊರಗಿದಂತೆ ಓಡುವುದಕ್ಕೂ ಕಾರಣವಿದೆ. 1 ಕೆ.ಜಿ. ಶುದ್ಧ ಪೆಟ್ರೋಲು ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಳೆಯ ಜೆಟ್ಟು ಪೆಟ್ರೋಲಿನ ಲೆಕ್ಕಕ್ಕೆ ಕೊರೆದದ್ದು, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ಗು ಬಿಚ್ಚಿ ನೋಡಿ. ಇಟ್ಟಿಗೆ-ಕಂದು ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು ಮಿಶ್ರಣ, ಮಸಿ ಹಿಡಿದಿದ್ದರೆ ದಪ್ಪ. ಬೆಳ್ಳಗಿದ್ದವರು ಮುಖ್ಯ ಜೆಟ್ಟನ್ನು ಒಂದು ಅಳತೆ ಮೇಲಿನದಕ್ಕೆ ಬದಲಿಸಿಕೊಳ್ಳಬಹುದು. ತಂತಿ ತುರುಕಿ ಹಳೆಯ ಜೆಟ್ಟನ್ನೇ ದೊಡ್ಡದು ಮಾಡಿದರೆ ಅಳತೆ ಕೆಟ್ಟಿತು, ಮತ್ತೆ ಸರಿಯಾಗದು. ಎಥನಾಲಿನ ಕಾವು ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ಮೈಲೇಜು ನೂರಕ್ಕೆ ಆರೇಳು ಪಾಲು ಇಳಿದರೆ ಡ್ರೈವರನ ಮೇಲೆ ಅನುಮಾನ ಬೇಡ. ಅದಕ್ಕಿಂತ ಇಳಿದರೆ ವಿಚಾರಿಸಿ.

ಡೀಸೆಲ್ ಜೀಪಿನವರು ಕೇಳಿದ್ದಾರೆ, ನಾಲ್ಕು ಮಾತು. ಅಲ್ಲಿ ಮುಖ್ಯ ಶತ್ರು ಗಾಳಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಹಳ ಹೊತ್ತು ತಿರುಗಿಸಬೇಕಾದರೆ ಎಲ್ಲೋ ಗಾಳಿ ನುಗ್ಗಿ ಡೀಸೆಲು ಟಾಂಕಿಗೆ ಹಿಂದಿರುಗಿದೆ. ಸ್ಟಾರ್ಟರು ತಿರುಗಿಸುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಡೀಸೆಲು ಸಿಲಿಂಡರು ತಲುಪುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ತಲುಪುತ್ತಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಬಿಗಿ ಮಾಡಿ, ಆಮೇಲೆ ಇಂಜೆಕ್ಷನ್ ಪಂಪಿನಲ್ಲೂ ಹಾಗೆಯೇ ಮಾಡಿ. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಬೆರಳು ಒಡ್ಡಬೇಡಿ, ಆ ಒತ್ತಡ ಚರ್ಮವನ್ನು ತೂರಿ ಒಳಹೋಗುತ್ತದೆ. ಇಂಜೆಕ್ಷನ್ ಪಂಪಿನ ಸೀಲು ಒಡೆದು ಹೊಂದಿಸುವ ಕೆಲಸ ಟೆಸ್ಟ್ ಬೆಂಚು ಇರುವ ಕಡೆಯೇ ಆಗಬೇಕು.

ಸೀಳಿದ ಆ ಟ್ಯೂಬಿನ ಚೂರನ್ನು ಎಸೆದಿಲ್ಲ. ಸಂಘದ ಕಛೇರಿಯಲ್ಲಿ, ಅಡಿಕೆ ಧಾರಣೆಯ ಹಲಗೆಯ ಕೆಳಗೆ ಕಿಟಕಿಯ ಮೇಲಿಟ್ಟಿದ್ದೇನೆ. ಸದಸ್ಯರು ಬಂದಾಗ ಕೈಗೆತ್ತಿಕೊಂಡು, ಬೆರಳಿನಿಂದ ಆ ನಾಲಗೆಯನ್ನು ಆಚೀಚೆ ಆಡಿಸಿ ನೋಡಬಹುದು. ಹೊಸ ಟ್ಯೂಬು ಹಾಕಿದ ಮೇಲೆ ಜೀಪು ಹೆತ್ತೂರಿನ ಏರನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹತ್ತಿದೆ, ಈವರೆಗೆ ನಿಂತಿಲ್ಲ.